ಹತ್ತು ಎಚ್‌ಪಿ ಮೋಟಾರನ್ನು ಅಳೆಯಲು ಹಿಡಿದ 79 ದಿನ

ತಿಪಟೂರಿನ ಹೊರವಲಯದಲ್ಲಿ ನಮ್ಮದೊಂದು ಸಣ್ಣ ಕೊಬ್ಬರಿ ಎಣ್ಣೆ ಮಿಲ್ಲಿದೆ. ಅಲ್ಲಿರುವುದು ಕೊಬ್ಬರಿ ಹಿಂಡಿ ಎಣ್ಣೆ ತೆಗೆಯುವ ಎರಡು ಎಕ್ಸ್‌ಪೆಲ್ಲರ್, ಅವುಗಳಿಗೆ ಹತ್ತು ಎಚ್‌ಪಿಯ ಎರಡು ತ್ರೀ ಫೇಸ್ ಮೋಟಾರು. ಎರಡೂ ಒಂದೇ ಕಂಪನಿಯವು, ಒಂದೇ ದಿನ ಕೊಂಡವು, ನೇಮ್ ಪ್ಲೇಟಿನ ಮೇಲೆ ಕ್ರಮಸಂಖ್ಯೆ ಬಿಟ್ಟರೆ ಬೇರೇನೂ ವ್ಯತ್ಯಾಸವಿಲ್ಲ: 7.5 ಕಿಲೋವ್ಯಾಟ್, 415 ವೋಲ್ಟ್, ಡೆಲ್ಟಾ (ಮೂರು ಫೇಸಿನ ಸುರುಳಿಗಳನ್ನು ತ್ರಿಕೋನದಂತೆ ಜೋಡಿಸುವ ರೀತಿ), 14.2 ಆಂಪ್, 1450 ಆರ್‌ಪಿಎಂ, ಐಇ2 ಎಂಬ ದಕ್ಷತೆಯ ದರ್ಜೆ, ದಕ್ಷತೆ ಶೇ. 88.7. ಈ ಜೋಡಿಯಲ್ಲೊಂದು ಕಳೆದ ಆಗಸ್ಟ್ 11ರಂದು ಸುಟ್ಟುಹೋಯಿತು. ಅದು ಮತ್ತೆ ಸರಿಯಾಗಿ ಓಡತೊಡಗಿದ್ದು ಅಕ್ಟೋಬರ್ 29ಕ್ಕೆ. ನಡುವಿನ 79 ದಿನಗಳಲ್ಲಿ ರಿಪೇರಿಗೆ ಹಿಡಿದದ್ದು ಕಡಿಮೆ ಸಮಯ. ರಿಪೇರಿ ಸರಿಯಾಗಿಲ್ಲ ಎಂಬುದನ್ನು ಸಂಖ್ಯೆಗಳಲ್ಲಿ ತೋರಿಸಲು ಹಿಡಿದದ್ದೇ ಹೆಚ್ಚು. ಮುಂದೆ ಯಾರಾದರೂ ಮೋಟಾರನ್ನು ಆಟೋದಲ್ಲಿ ಹಾಕಿಕೊಂಡು, ಸುಟ್ಟ ಸುರುಳಿಗೆ ಹೊಸ ತಂತಿ ಸುತ್ತಿಕೊಡುವ ವೈಂಡಿಂಗ್ ಅಂಗಡಿಗೆ ಹೊರಡುವ ಮೊದಲು ಇದನ್ನು ಓದಿದರೆ ಅವರಿಗೆ ಇಷ್ಟು ಅಲೆದಾಟ ತಪ್ಪಬಹುದು ಎಂಬ ಆಸೆಯಿಂದ ಬರೆಯುತ್ತಿದ್ದೇನೆ.

ಸುಟ್ಟ ಕಾರಣ ಸಾಮಾನ್ಯವಾದದ್ದು. ಮಳೆಯ ದಿನ ಲೈನಿನಲ್ಲಿ ಒಂದು ಫೇಸ್ ಹೋಯಿತು, ಮೋಟಾರು ಉಳಿದೆರಡು ಫೇಸಿನ ಮೇಲೆ ಗುಂಯ್ ಎನ್ನುತ್ತ ಓಡುತ್ತಲೇ ಇತ್ತು, ಸ್ಟಾರ್ಟರಿನ ಓವರ್‌ಲೋಡ್ ರಿಲೇ ಅದನ್ನು ನಿಲ್ಲಿಸಬೇಕಿತ್ತು. ಆದರೆ ಪದೇ ಪದೇ ಟ್ರಿಪ್ ಆಗುತ್ತದೆ ಎಂದು ಹಿಂದೆ ಯಾವಾಗಲೋ ಅದರ ತಿರುಪನ್ನು 18 ಆಂಪಿಗೆ ಏರಿಸಿಟ್ಟವನು ನಾನೇ. ಆ ತಪ್ಪನ್ನು ಯಾರ ಮೇಲೂ ಹೊರಿಸುವಂತಿಲ್ಲ.

ಹತ್ತಿರದ ವೈಂಡಿಂಗ್ ಅಂಗಡಿಗೆ ಕೊಟ್ಟೆವು. ಎರಡು ದಿನದಲ್ಲಿ ಆಗುತ್ತದೆ ಎಂದರು. ವಾರ್ನಿಷ್ ಒಣಗಿಸಲು ಅವರಲ್ಲಿ ಓವನ್ ಇರಲಿಲ್ಲ, ಬಿಸಿಲೂ ಇರಲಿಲ್ಲ, ಹೀಗಾಗಿ ಒಂಬತ್ತು ದಿನ ಹಿಡಿಯಿತು. 9,200 ರೂಪಾಯಿ ಕೊಟ್ಟೆ. ರಸೀದಿ ಕೇಳಿದ್ದಕ್ಕೆ ಒಂದು ಚೀಟಿಯಲ್ಲಿ ‘10 ಎಚ್‌ಪಿ ರಿವೈಂಡಿಂಗ್’ ಎಂದಷ್ಟೇ ಬರೆದುಕೊಟ್ಟರು, ಆರು ತಿಂಗಳ ಗ್ಯಾರಂಟಿ ಬಾಯಿಮಾತಿನಲ್ಲಿ ಉಳಿಯಿತು. ಹೊರಡುವಾಗ ಅವರು ನನ್ನೆದುರೇ ಮೆಗ್ಗರ್ ಹಿಡಿಕೆಯನ್ನು ತಿರುಗಿಸಿ ಮುಳ್ಳು 200 ಮೆಗಾಓಮ್ ದಾಟಿ ನಿಂತದ್ದನ್ನು ತೋರಿಸಿದರು. ನನಗೆ ಸಮಾಧಾನವಾಯಿತು. ಮೆಗ್ಗರ್ ತೋರಿಸಿದ್ದು ನಿಜವೇ ಆಗಿತ್ತು, ಆದರೆ ಅದು ಉತ್ತರಿಸುವ ಪ್ರಶ್ನೆ ಒಂದೇ: ತಂತಿಗೂ ಮೋಟಾರಿನ ಕಬ್ಬಿಣದ ಮೈಗೂ ನಡುವೆ ಕರೆಂಟು ಸೋರುತ್ತಿದೆಯೇ ಇಲ್ಲವೇ. ಒಳಗೆ ಎಷ್ಟು ಸುತ್ತು ಸುತ್ತಿದ್ದಾರೆ, ಯಾವ ಗೇಜಿನ ತಂತಿ ಹಾಕಿದ್ದಾರೆ ಎಂಬುದರ ಬಗ್ಗೆ ಅದಕ್ಕೆ ಹೇಳಲು ಏನೂ ಇಲ್ಲ ಎಂಬುದು ನನಗೆ ಆಗ ಗೊತ್ತಿರಲಿಲ್ಲ.

ಅದೇ ದಿನ ಸಂಜೆ ಮೋಟಾರು ಓಡಿಸಿದೆವು. ಶುರು ಮಾಡುವಾಗಲೇ ಹಿಂದೆಂದೂ ಬೀಳದ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಎರಡು ಸಲ ಬಿದ್ದಿತು. ಓಡಲು ತೊಡಗಿ ಎರಡು ಗಂಟೆಯಾಗುವಷ್ಟರಲ್ಲಿ, ಈ ಸಲ ಬುದ್ಧಿ ಕಲಿತು 14.5ಕ್ಕೆ ಇಳಿಸಿಟ್ಟಿದ್ದ ರಿಲೇ ಟ್ರಿಪ್ ಆಯಿತು. ಮೈ ಮುಟ್ಟಿದರೆ ಅಂಗೈ ಒಂದು ಕ್ಷಣವೂ ನಿಲ್ಲದಷ್ಟು ಬಿಸಿ. ಮೊದಲು ಇದೇ ಎಕ್ಸ್‌ಪೆಲ್ಲರಿಗೆ 12.6 ಆಂಪ್ ಎಳೆಯುತ್ತಿದ್ದ ಮೋಟಾರು ಈಗ 14.6 ಎಳೆಯುತ್ತಿತ್ತು. ಅಂಗಡಿಗೆ ಫೋನು ಮಾಡಿದೆ. “ಮೆಗ್ಗರ್ ನೀವೇ ನೋಡಿದ್ದೀರಲ್ಲ ಸಾರ್, ವೈಂಡಿಂಗ್‌ನಲ್ಲಿ ಏನೂ ತೊಂದರೆಯಿಲ್ಲ, ನಿಮ್ಮ ಲೈನ್ ವೋಲ್ಟೇಜ್ ನೋಡಿಸಿ” ಎಂದರು. ವಾರದೊಳಗೆ ಇನ್ನೂ ಎರಡು ಸಲ ಫೋನಿನಲ್ಲಿ ಇದೇ ಮಾತು ನಡೆಯಿತು. ಮೂರನೆಯ ಸಲ ಅವರು ಸ್ವಲ್ಪ ಬೇಸರದಿಂದ, “ಸುಮ್ಮನೆ ಬಿಸಿ ಬಿಸಿ ಅಂದರೆ ಆಗದು ಸಾರ್, ಲೆಕ್ಕ ತಂದು ತೋರಿಸಿ” ಎಂದುಬಿಟ್ಟರು. ಆ ಮಾತು ನನಗೆ ಚುಚ್ಚಿತು. ಈಗ ಯೋಚಿಸಿದರೆ ಅವರು ನನಗೆ ಮಾಡಿದ ಉಪಕಾರ ಅದೊಂದೇ.

ನಮ್ಮ ಅಕ್ಕನ ಮಗ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾನೆ. ರಜೆಗೆ ಬಂದವನನ್ನು ಕೂರಿಸಿಕೊಂಡು ಕೇಳಿದೆ. “ಮಾಮ, ನಿಮ್ಮ ಹತ್ತಿರ ಸುಡದೆ ಉಳಿದಿರೋ ಜೋಡಿ ಮೋಟಾರು ಇದೆಯಲ್ಲ, ಅದಕ್ಕಿಂತ ದೊಡ್ಡ ಪುಸ್ತಕ ಬೇಡ. ಅದನ್ನೂ ಇದನ್ನೂ ಒಂದೇ ರೀತಿಯಲ್ಲಿ ಅಳೆಯೋಣ” ಎಂದ. ಒಂಟಿ ಮೋಟಾರಿರುವವರಿಗೆ ಈ ಅನುಕೂಲವಿಲ್ಲ. ಆದ್ದರಿಂದ ಮೋಟಾರು ಚೆನ್ನಾಗಿ ಓಡುತ್ತಿರುವಾಗಲೇ ಒಂದು ದಿನ ಅದರ ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಸುಟ್ಟ ಮೇಲೆ ಅವು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಮೊದಲು ವೈಂಡಿಂಗ್‌ನ ರೆಸಿಸ್ಟೆನ್ಸ್, ಅಂದರೆ ರೋಧ. ಮನೆಯಲ್ಲಿದ್ದ ಮಲ್ಟಿಮೀಟರ್ ಹಿಡಿದರೆ ಒಮ್ಮೆ 2.3, ಒಮ್ಮೆ 2.5, ಕಡ್ಡಿ ಗಟ್ಟಿಯಾಗಿ ಒತ್ತಿದರೆ 2.2. ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿದರೆ ಅದೇ 0.2 ಅಥವಾ 0.3 ತೋರಿಸುತ್ತಿತ್ತು. ಎರಡು ಓಮಿನ ಆಸುಪಾಸಿನ ವಸ್ತುವನ್ನು ಅಳೆಯುವಾಗ ಇಷ್ಟು ತಪ್ಪಿದ್ದರೆ ಅದು ಅಳತೆಯಲ್ಲ, ಅಂದಾಜು. ಸರಿಯಾದ ದಾರಿ ನಾಲ್ಕು ತಂತಿಯದು: ಎರಡು ತಂತಿಯಿಂದ ಕರೆಂಟು ಹರಿಸಿ, ಬೇರೆ ಎರಡು ತಂತಿಯಿಂದ ಸುರುಳಿಯ ತುದಿಗಳಲ್ಲೇ ವೋಲ್ಟೇಜು ಓದುವುದು. ಟ್ರ್ಯಾಕ್ಟರಿನ 12 ವೋಲ್ಟ್ ಬ್ಯಾಟರಿ ಇಳಿಸಿ, ಕರೆಂಟು ಮಿತಿಯಲ್ಲಿರಲೆಂದು ನಡುವೆ 21 ವ್ಯಾಟಿನ ಇಂಡಿಕೇಟರ್ ಬಲ್ಬು ಹಾಕಿ, ಟರ್ಮಿನಲ್ ಬಾಕ್ಸಿನ ಡೆಲ್ಟಾ ಪಟ್ಟಿಗಳನ್ನು ಬಿಚ್ಚಿ ಒಂದೊಂದೇ ಫೇಸನ್ನು ಅಳೆದೆವು. 1.50 ಆಂಪ್ ಹರಿಯುವಾಗ ಸುರುಳಿಯ ಮೇಲೆ 3.18 ವೋಲ್ಟ್, ಭಾಗಿಸಿದರೆ 2.12 ಓಮ್. ಪಟ್ಟಿ ಬಿಚ್ಚದೆ ಅಳೆದರೆ ಡೆಲ್ಟಾದಲ್ಲಿ ಎರಡು ಟರ್ಮಿನಲ್ ನಡುವೆ ಸಿಗುವುದು ಒಂದು ಫೇಸಿನ ರೋಧದ ಮೂರರಲ್ಲಿ ಎರಡು ಭಾಗ ಮಾತ್ರ. ಮೊದಲ ದಿನ ಇದನ್ನು ಮರೆತು 1.4 ಓಮ್ ಎಂದು ಬರೆದುಕೊಂಡು ಗಾಬರಿಯಾಗಿದ್ದೆವು. ಇನ್ನೊಂದು ಎಚ್ಚರ: ಬ್ಯಾಟರಿಯ ತಂತಿ ಕೀಳುವ ಮೊದಲು ವೋಲ್ಟ್ ಮೀಟರನ್ನು ತೆಗೆದುಬಿಡಬೇಕು. ಸುರುಳಿಯಲ್ಲಿನ ಕರೆಂಟು ತಟ್ಟನೆ ನಿಂತಾಗ ಎದ್ದ ಕಿಡಿಯ ಹೊಡೆತ ನನ್ನ ಬೆರಳಿಗೆ ಚೆನ್ನಾಗಿ ತಿಳಿಯಿತು.

ಸುಡದ ಮೋಟಾರಿನ ಮೂರು ಫೇಸುಗಳು 2.12, 2.11, 2.13. ಮರುಸುತ್ತಿದ ಮೋಟಾರಿನವು 2.15, 2.16, 2.15. ಎರಡನ್ನೂ ರಾತ್ರಿಯಿಡೀ ತಣಿಸಿ, ಬೆಳಗ್ಗೆ 28 ಡಿಗ್ರಿಯಲ್ಲಿ ಅಳೆದದ್ದು. ವ್ಯತ್ಯಾಸ ಶೇ. 2ಕ್ಕಿಂತ ಕಡಿಮೆ, ಮೂರು ಫೇಸುಗಳು ಪರಸ್ಪರ ಸಮ. ಅಂಗಡಿಯವರೇ ಸರಿಯಿರಬೇಕು, ನಾನೇ ಸುಮ್ಮನೆ ಜಗಳವಾಡುತ್ತಿದ್ದೇನೆ ಎಂದು ಆ ಬೆಳಗ್ಗೆ ನನಗೆ ನಿಜವಾಗಿಯೂ ಅನ್ನಿಸಿತು. ಬ್ಯಾಟರಿಯನ್ನು ಟ್ರ್ಯಾಕ್ಟರಿಗೆ ಹಾಕಿಬಿಟ್ಟೆ.

ಅದನ್ನು ಮತ್ತೆ ಇಳಿಸಿದ್ದು ಹುಡುಗನ ಹಟದಿಂದ. ತಾಮ್ರದ ರೋಧ ಬಿಸಿಯಾದಂತೆ ಏರುತ್ತದೆ, ಹತ್ತು ಡಿಗ್ರಿಗೆ ಹೆಚ್ಚುಕಡಿಮೆ ಶೇ. 4. ಆದ್ದರಿಂದ ಅದೇ ರೋಧದಿಂದ ಸುರುಳಿಯ ಒಳಗಿನ ಉಷ್ಣತೆಯನ್ನು ಲೆಕ್ಕ ಹಾಕಬಹುದು: ತಣ್ಣಗಿನ ಉಷ್ಣತೆಗೆ 235 ಸೇರಿಸಿ, ಅದನ್ನು ಬಿಸಿ ರೋಧದಿಂದ ಗುಣಿಸಿ, ತಣ್ಣಗಿನ ರೋಧದಿಂದ ಭಾಗಿಸಿ, ಬಂದದ್ದರಲ್ಲಿ 235 ಕಳೆದರೆ ಆಯಿತು. ಎರಡೂ ಮೋಟಾರುಗಳನ್ನು ಒಂದಾದ ಮೇಲೊಂದರಂತೆ ಅದೇ ಎಕ್ಸ್‌ಪೆಲ್ಲರಿಗೆ ಕಟ್ಟಿ, ಎರಡೆರಡು ಗಂಟೆ ಓಡಿಸಿ, ಮುಖ್ಯ ಸ್ವಿಚ್ ಇಳಿಸಿ ಫ್ಯೂಸ್ ಕಿತ್ತು, ಒಂದು ನಿಮಿಷದೊಳಗೆ ಅಳೆದೆವು. ತಡವಾದರೆ ಸುರುಳಿ ತಣಿದು ಲೆಕ್ಕ ಕೆಡುತ್ತದೆ, ಅವಸರದಲ್ಲಿ ಸ್ವಿಚ್ ಇಳಿಸುವುದನ್ನು ಮರೆತರೆ ಜೀವವೇ ಹೋಗುತ್ತದೆ. ಇಬ್ಬರಿಲ್ಲದೆ ಈ ಕೆಲಸಕ್ಕೆ ಕೈ ಹಾಕಬಾರದು. ಸುಡದ ಮೋಟಾರು 2.46 ಓಮ್, ಅಂದರೆ 70 ಡಿಗ್ರಿ. ಮರುಸುತ್ತಿದ್ದು 2.66 ಓಮ್, ಅಂದರೆ 90 ಡಿಗ್ರಿ. ತಣ್ಣಗಿರುವಾಗ ಅವಳಿಗಳಂತಿದ್ದವು ಕೆಲಸಕ್ಕೆ ಹಚ್ಚಿದಾಗ 20 ಡಿಗ್ರಿಯಷ್ಟು ದೂರವಾಗಿದ್ದವು. ನನ್ನ ಅಂಗೈ ಹೇಳಿದ್ದು ಸುಳ್ಳಲ್ಲ ಎಂದು ಗೊತ್ತಾದ ಆ ಮಧ್ಯಾಹ್ನದ ಖುಷಿ ಚಿಕ್ಕದಲ್ಲ.

ಮುಂದಿನದು ನೋ ಲೋಡ್ ಕರೆಂಟು. ಬೆಲ್ಟು ಕಳಚಿ, ಮೋಟಾರನ್ನು ಬರಿದೇ ತಿರುಗಲು ಬಿಟ್ಟು, ಪ್ರತಿ ಫೇಸಿಗೆ ಟಾಂಗ್ ಟೆಸ್ಟರ್ ಅಥವಾ ಕ್ಲಾಂಪ್ ಮೀಟರ್, ಅಂದರೆ ತಂತಿಯನ್ನು ಬಿಚ್ಚದೆ ಸುತ್ತ ಹಿಡಿದು ಕರೆಂಟು ಓದುವ ಮೀಟರ್, ಹಾಕುವುದು. ಈ ಕೆಲಸಕ್ಕೆಂದೇ 2,900 ರೂಪಾಯಿಯ ಕ್ಲಾಂಪ್ ಮೀಟರ್ ಕೊಂಡೆ. ಸಣ್ಣ ಕರೆಂಟನ್ನು ಅದು ಸರಿಯಾಗಿ ಓದದಿದ್ದರೆ ತಂತಿಯನ್ನು ಮೀಟರಿನ ಬಾಯೊಳಗೆ ಎರಡು ಸಲ ಹಾಯಿಸಿ, ಬಂದ ಓದನ್ನು ಅರ್ಧ ಮಾಡಿದರಾಯಿತು. ಮರುಸುತ್ತಿದ ಮೋಟಾರು 8.2, 9.6, 9.1 ಆಂಪ್ ಎಳೆಯಿತು. ನಾಲ್ಕು ಪೋಲಿನ ಇಂಥ ಮೋಟಾರಿಗೆ ಪೂರ್ಣ ಲೋಡಿನ ಕರೆಂಟಿನ ಮೂರರಲ್ಲೊಂದರಿಂದ ಅರ್ಧದವರೆಗೆ ನೋ ಲೋಡ್ ಕರೆಂಟು ಇರುವುದು ವಾಡಿಕೆ, ಇದು ಶೇ. 60 ದಾಟಿತ್ತು. ಆದರೆ ಮೂರು ಫೇಸುಗಳೂ ಏರುಪೇರಾಗಿದ್ದವು, ವೋಲ್ಟೇಜು ನೋಡಿದರೆ 421, 428, 415. ಸರಾಸರಿಯಿಂದ ಶೇ. 1.6ರಷ್ಟು ವ್ಯತ್ಯಾಸ ಸಣ್ಣದೆಂದು ಕಾಣಬಹುದು, ಆದರೆ ವೋಲ್ಟೇಜಿನ ಅಸಮತೋಲ ಕರೆಂಟಿನಲ್ಲಿ ಹಲವು ಪಟ್ಟಾಗಿ ಕಾಣಿಸಿಕೊಳ್ಳುತ್ತದೆ. ಹಾಗಾದರೆ ಲೈನ್ ದೂಷಿಸಿದ ಅಂಗಡಿಯವರ ಮಾತಿನಲ್ಲೂ ಹುರುಳಿತ್ತೇ?

ಇದನ್ನು ಬಿಡಿಸಲು ಒಂದು ಹಳೆಯ ಉಪಾಯವಿದೆ. ಮೋಟಾರಿನ ಮೂರೂ ತಂತಿಗಳನ್ನು ಒಂದೊಂದು ಮನೆ ಮುಂದಕ್ಕೆ ಸರಿಸಿ ಕಟ್ಟಬೇಕು. ಮೂರನ್ನೂ ಒಟ್ಟಿಗೆ ಸರಿಸಿದರೆ ತಿರುಗುವ ದಿಕ್ಕು ಬದಲಾಗುವುದಿಲ್ಲ. ಹೆಚ್ಚಿನ ಕರೆಂಟು ಲೈನಿನ ಅದೇ ಫೇಸಿನಲ್ಲಿ ಉಳಿದರೆ ದೋಷ ಲೈನಿನದು. ಮೋಟಾರಿನ ತಂತಿಯ ಜೊತೆಗೆ ಸರಿದು ಹೋದರೆ ದೋಷ ಮೋಟಾರಿನದು. ನಮ್ಮಲ್ಲಿ 9.6 ಲೈನಿನ ಫೇಸಿಗೇ ಅಂಟಿಕೊಂಡಿತು. ಅಂದರೆ ಏರುಪೇರು ಲೈನಿನದು, ಆದರೆ ಮೂರೂ ಸೇರಿ ಸರಾಸರಿ 9 ಆಂಪ್ ಇರುವುದು ಮೋಟಾರಿನದು. ಸುಡದ ಮೋಟಾರನ್ನು ಅದೇ ಲೈನಿಗೆ ಕಟ್ಟಿದಾಗ ಸರಾಸರಿ 6.3 ಬಂದದ್ದರಿಂದ ಈ ಎರಡನೆಯ ಮಾತು ಖಚಿತವಾಯಿತು.

ಈ ಅಂಕಿಗಳನ್ನು ನೋಟ್‌ಬುಕ್ಕಿನಲ್ಲಿ ಬರೆದು ಅಂಗಡಿಗೆ ಒಯ್ದೆ. ಅವರು ಪುಟ ತಿರುವಿ, “ಇದು ನೀವೇ ಬರೆದದ್ದಲ್ಲವೇ ಸಾರ್? ಯಾವುದಾದರೂ ಲ್ಯಾಬಿನ ಕಾಗದವಿದ್ದರೆ ಮಾತಾಡೋಣ” ಎಂದರು. ಬೆಂಗಳೂರಿನಲ್ಲಿ 1960ರಲ್ಲಿ ಶುರುವಾದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯಿದೆ, ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಖಾಸಗಿ ಲ್ಯಾಬುಗಳೂ ಇವೆ. ಮೋಟಾರುಗಳ ಭಾರತೀಯ ಮಾನಕ ಐಎಸ್ 12615ರ ದಕ್ಷತೆಯ ದರ್ಜೆ ಬೇಕಾದ ತಯಾರಕರಿಗೆ ಅವು ಅಗತ್ಯ. ಒಂದು ಹಳೆಯ ಮೋಟಾರಿನ ಜಗಳಕ್ಕೆ ಅಷ್ಟು ದೂರ ಹೋಗುವುದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟಂತೆ. ಹುಡುಗ ತುಮಕೂರಿನ ಕಡೆಯ ಒಂದು ಕಾಲೇಜಿನ ಮೆಷಿನ್ಸ್ ಲ್ಯಾಬಿನಲ್ಲಿ ಕೇಳಿ ನೋಡೋಣ ಎಂದ.

ಕಾಲೇಜಿಗೆ ಬೇಕಾದ ಕಾಗದಗಳು: ಮಿಲ್ಲಿನ ಲೆಟರ್‌ಹೆಡ್ಡಿನಲ್ಲಿ ವಿಭಾಗದ ಮುಖ್ಯಸ್ಥರಿಗೆ ಮನವಿ, ಎರಡೂ ನೇಮ್ ಪ್ಲೇಟುಗಳ ಫೋಟೊ, ಪರೀಕ್ಷೆಯ ವೇಳೆ ಮೋಟಾರು ಕೆಟ್ಟರೆ ಕಾಲೇಜು ಹೊಣೆಯಲ್ಲ ಎಂಬ ಒಪ್ಪಿಗೆ ಪತ್ರ, ಮತ್ತು ಮೋಟಾರುಗಳು ಗೇಟಿನೊಳಗೆ ಬಂದು ಹೋಗಲು ಪಾಸು. ನಮ್ಮಲ್ಲಿ ಲೆಟರ್‌ಹೆಡ್ ಇರಲಿಲ್ಲ. ಪ್ರಿಂಟ್ ಹಾಕಿಸಲು ಎರಡು ದಿನ. ಸೆಪ್ಟೆಂಬರ್ 9ಕ್ಕೆ ಮನವಿ ಕೊಟ್ಟರೆ 23ಕ್ಕೆ ದಿನ ಸಿಕ್ಕಿತು. ಆ ದಿನ ಬೆಳಗ್ಗೆ ಫೋನು ಬಂತು: ಪ್ರಾಯೋಗಿಕ ಪರೀಕ್ಷೆಗಳಿವೆ, ಮುಂದೂಡಬೇಕು. ಮುಂದಿನ ದಿನಾಂಕಕ್ಕೆ ಲೋ ಪವರ್ ಫ್ಯಾಕ್ಟರ್ ವ್ಯಾಟ್‌ಮೀಟರುಗಳಲ್ಲೊಂದು ರಿಪೇರಿಗೆ ಹೋಗಿತ್ತು. ಆಮೇಲೆ ದಸರಾ ರಜೆ. ಈ ಕಾಯುವಿಕೆಯಲ್ಲಿ ಒಂದೇ ಎಕ್ಸ್‌ಪೆಲ್ಲರಿನಲ್ಲಿ ರಾತ್ರಿ ಹತ್ತರವರೆಗೆ ದುಡಿಯುತ್ತ, ಈಗಲೇ ಹೊಸ ಮೋಟಾರು ಕೊಂಡು ಮುಗಿಸಿಬಿಡೋಣವೆಂದು ಎಷ್ಟು ಸಲ ಅಂದುಕೊಂಡೆನೋ. ಅಳೆದೂ ಸುರಿದೂ ಕೊನೆಗೆ ಕೊಳ್ಳಲಿಲ್ಲ, ಯಾಕೆಂದರೆ ಅಷ್ಟು ಹೊತ್ತಿಗೆ ಮೋಟಾರಿಗಿಂತ ಉತ್ತರವೇ ನನಗೆ ಹೆಚ್ಚು ಬೇಕಾಗಿತ್ತು.

ಕೊನೆಗೆ ಅಕ್ಟೋಬರ್ 8ರಂದು ಗೂಡ್ಸ್ ಗಾಡಿಯಲ್ಲಿ ಸುಮಾರು 70 ಕಿಲೋ ತೂಕದ ಎರಡು ಮೋಟಾರುಗಳನ್ನು ಹೊತ್ತು ಹೋದೆವು. ಹೋಗಿ ಬರುವ ಬಾಡಿಗೆ 3,800, ಕಾಲೇಜಿಗೆ ರಸೀದಿಯೊಂದಿಗೆ 1,500. ಪಾಠ ಹೇಳುವ ಮೇಡಂ ಒಬ್ಬರು ತಮ್ಮ ಊಟದ ಹೊತ್ತನ್ನೂ ಬಿಟ್ಟು ನಮ್ಮ ಜೊತೆ ನಿಂತರು. ಲ್ಯಾಬಿನ ದೊಡ್ಡ ಅನುಕೂಲವೆಂದರೆ ತ್ರೀ ಫೇಸ್ ವೇರಿಯಾಕ್: ವೋಲ್ಟೇಜನ್ನು ಸರಿಯಾಗಿ 415ಕ್ಕೆ ನಿಲ್ಲಿಸಬಹುದು, ಮೂರು ಫೇಸೂ ಸಮ. ಅಲ್ಲಿಗೆ ಲೈನಿನ ಮೇಲೆ ಹೊರಿಸಲು ಏನೂ ಉಳಿಯುವುದಿಲ್ಲ.

ಮೊದಲು ಸುಡದ ಮೋಟಾರು. ಬರಿದೇ ಓಡಿಸಿದಾಗ 6.1 ಆಂಪ್. ಎರಡು ವ್ಯಾಟ್‌ಮೀಟರುಗಳಲ್ಲಿ ಒಂದರ ಮುಳ್ಳು ಮುಂದೆ ಹೋಯಿತು, ಇನ್ನೊಂದು ಸೊನ್ನೆಯ ಹಿಂದಕ್ಕೆ ಒತ್ತಿಕೊಂಡು ನಿಂತಿತು. ಮೀಟರು ಕೆಟ್ಟಿತೆಂದು ನನ್ನ ಎದೆ ಧಸಕ್ಕೆಂದಿತು. ಇನ್ನೊಂದು ವಾರ ಕಾಯಬೇಕೇನೋ. ಮೇಡಂ ನಕ್ಕು, “ಗಾಬರಿಯಾಗಬೇಡಿ, ನೋ ಲೋಡಿನಲ್ಲಿ ಹೀಗೇ ಆಗಬೇಕು” ಎಂದು ಆ ಮೀಟರಿನ ಒಂದು ಕಾಯಿಲಿನ ತಂತಿಗಳನ್ನು ಅದಲುಬದಲು ಮಾಡಿಸಿದರು. ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) 0.5ಕ್ಕಿಂತ ಕೆಳಗಿಳಿದಾಗ ಎರಡನೆಯ ಮೀಟರ್ ಋಣಸಂಖ್ಯೆ ತೋರಿಸುತ್ತದೆ, ಅದನ್ನು ಕೂಡಿಸದೆ ಕಳೆಯಬೇಕು. 1470ರಲ್ಲಿ 1050 ಕಳೆದು 420 ವ್ಯಾಟ್. ಇದನ್ನು ಮರೆತು ಎರಡನ್ನೂ ಕೂಡಿಸಿದರೆ 2520 ವ್ಯಾಟ್ ಬರುತ್ತದೆ, ಬರಿದೇ ತಿರುಗುವ ಮೋಟಾರು ತನ್ನ ಶಕ್ತಿಯ ಮೂರನೇ ಒಂದು ಭಾಗ ತಿನ್ನುತ್ತಿದೆ ಎಂಬ ಅಸಂಬದ್ಧಕ್ಕೆ ತಲುಪುತ್ತೇವೆ.

ಮರುಸುತ್ತಿದ ಮೋಟಾರು ಅದೇ 415 ವೋಲ್ಟಿನಲ್ಲಿ 8.8 ಆಂಪ್ ಎಳೆಯಿತು. ವ್ಯಾಟ್‌ಮೀಟರುಗಳು 2160 ಮತ್ತು ಋಣ 1470, ಉಳಿದದ್ದು 690 ವ್ಯಾಟ್. ಕೆಲಸವೇ ಇಲ್ಲದೆ ತಿರುಗಲು 270 ವ್ಯಾಟ್ ಹೆಚ್ಚು.

ಆಮೇಲೆ ಶಾಫ್ಟನ್ನು ಕಬ್ಬಿಣದ ಸಲಾಕೆಯಿಂದ ತಡೆಹಿಡಿದು, ವೇರಿಯಾಕನ್ನು ಸೊನ್ನೆಯಿಂದ ಮೆಲ್ಲಗೆ ಏರಿಸುತ್ತ, 14.2 ಆಂಪ್ ಹರಿಯಲು ಎಷ್ಟು ವೋಲ್ಟ್ ಬೇಕೆಂದು ನೋಡುವ ಪರೀಕ್ಷೆ. ಇಲ್ಲಿ ತಪ್ಪಿಯೂ ಪೂರ್ಣ ವೋಲ್ಟೇಜು ಕೊಡಬಾರದು, ಓದುಗಳನ್ನು ಬೇಗ ಮುಗಿಸಬೇಕು. ಸುಡದ ಮೋಟಾರಿಗೆ 65 ವೋಲ್ಟ್ ಬೇಕಾಯಿತು, ಮರುಸುತ್ತಿದ್ದಕ್ಕೆ 56 ಸಾಕಾಯಿತು. ಈ ಅನುಪಾತವನ್ನು 415 ವೋಲ್ಟಿಗೆ ಹಿಗ್ಗಿಸಿದರೆ ಶುರುವಾಗುವ ಕ್ಷಣದ ಕರೆಂಟು ಸಿಗುತ್ತದೆ: ಮೊದಲನೆಯದಕ್ಕೆ ಸುಮಾರು 91 ಆಂಪ್, ಎರಡನೆಯದಕ್ಕೆ ಸುಮಾರು 105. ಎಂಸಿಬಿ ಯಾಕೆ ಬೀಳುತ್ತಿತ್ತು ಎಂಬುದು ಅಲ್ಲಿಗೆ ತಿಳಿಯಿತು.

ಮೇಡಂ ಎರಡು ಸಾಲು ಲೆಕ್ಕ ಬರೆದು, ಸುತ್ತುಗಳು ಕಡಿಮೆಯಾಗಿವೆ, ಹತ್ತರಲ್ಲಿ ಒಂದರಷ್ಟು ಎಂದರು. ಸುತ್ತು ಕಡಿಮೆಯಾದರೆ ಅದೇ ವೋಲ್ಟೇಜಿಗೆ ಕಬ್ಬಿಣದಲ್ಲಿ ಹೆಚ್ಚು ಕಾಂತಪ್ರವಾಹ ಹರಿಯಬೇಕು; ಕಬ್ಬಿಣ ತುಂಬಿಹೋದ ಮೇಲೆ ಸ್ವಲ್ಪ ಹೆಚ್ಚಿಸಲೂ ಕರೆಂಟು ಬಹಳ ಬೇಕು. ಹಾಗಾದರೆ ರೋಧ ಯಾಕೆ ಸರಿಯಾಗಿಯೇ ಬಂತು ಎಂದು ಕೇಳಿದೆ. “ಸುತ್ತು ಕಡಿಮೆಯಾದರೆ ರೋಧ ಇಳಿಯುತ್ತದೆ, ತಂತಿ ತೆಳುವಾದರೆ ಏರುತ್ತದೆ. ಎರಡೂ ತಪ್ಪು ಒಟ್ಟಿಗೆ ನಡೆದಿರಬೇಕು” ಎಂದರು. ಎರಡು ತಪ್ಪುಗಳು ಒಂದನ್ನೊಂದು ಮುಚ್ಚಿಕೊಂಡು ನನ್ನ ಬ್ಯಾಟರಿ ಲೆಕ್ಕವನ್ನು ಮೋಸಗೊಳಿಸಿದ್ದವು.

ಕಾಲೇಜಿನ ಮೊಹರಿರುವ ಎರಡು ಪುಟದ ವರದಿಯನ್ನು ನೋಡಿ ಅಂಗಡಿಯವರು ಬಹಳ ಹೊತ್ತು ಮಾತಾಡಲಿಲ್ಲ. ಆ ಗೇಜಿನ ತಂತಿ ಮುಗಿದಿತ್ತು, ಹುಡುಗರು ಇದ್ದದ್ದರಲ್ಲಿ ಹೊಂದಿಸಿದ್ದಾರೆ ಎಂದು ಕೊನೆಗೆ ಒಪ್ಪಿಕೊಂಡರು. ಮತ್ತೆ ಸುತ್ತಿಕೊಡುತ್ತೇವೆ ಎಂದರೂ ನನಗೆ ಧೈರ್ಯ ಬರಲಿಲ್ಲ. 4,000 ರೂಪಾಯಿ ಹಿಂದೆ ಕೊಟ್ಟರು. ನನ್ನಲ್ಲಿದ್ದ ಚೀಟಿಯಲ್ಲಿ ಗೇಜು, ಸುತ್ತು, ಗ್ಯಾರಂಟಿ ಏನೂ ಇಲ್ಲದಿದ್ದುದರಿಂದ ಅದಕ್ಕಿಂತ ಹೆಚ್ಚು ಕೇಳಲು ನನಗೂ ಬಾಯಿರಲಿಲ್ಲ.

ಮೇಡಂ ಸೂಚಿಸಿದ, ತುಮಕೂರಿನ ಒಬ್ಬ ಹಿರಿಯ ಮೇಸ್ತ್ರಿಯ ಹತ್ತಿರ ಮೋಟಾರು ಒಯ್ದೆ. ಅವರು ಮೊದಲು ಮಾಡಿದ್ದು ಸುರುಳಿಯ ತಲೆ ಕತ್ತರಿಸಿ ತಂತಿ ಎಣಿಸುವುದು: ಒಂದು ಕಾಯಿಲಿನಲ್ಲಿ 60 ಎಳೆ, ಜೋಡಿಯಾಗಿ ಸುತ್ತಿದ್ದರಿಂದ 30 ಸುತ್ತು. ಎನಾಮಲ್ ಕೆರೆದು ಮೈಕ್ರೋಮೀಟರ್ ಹಿಡಿದರೆ ಒಂದು ಎಳೆ 0.91 ಮಿಲಿಮೀಟರ್, ಅಂದರೆ 20 ಗೇಜು, ಇನ್ನೊಂದು 0.81, ಅಂದರೆ 21 ಗೇಜು. ತಮ್ಮ ಎಣ್ಣೆಗಲೆಯ ದಪ್ಪ ನೋಟ್‌ಬುಕ್ಕು ತಿರುವಿ, ಅದೇ ಕಂಪನಿಯ, ಅದೇ ಅಳತೆಯ, ಸುರುಳಿ ಕೂರುವ 36 ಸ್ಲಾಟಿನ ಮೋಟಾರಿನ ಪುಟ ತೆಗೆದರು: 33 ಸುತ್ತು, ಜೋಡಿ 20 ಗೇಜು. ಕಾಗದದ ಮೇಲೆ ಲೆಕ್ಕ ಹಾಕಿದರೆ ರೋಧದ ವ್ಯತ್ಯಾಸ ಶೇ. 1.5. ಟ್ರ್ಯಾಕ್ಟರ್ ಬ್ಯಾಟರಿ ಹೇಳಿದ್ದೂ ಅದನ್ನೇ.

ಆದರೆ ಅವರ ಮುಖ ಸಡಿಲವಾಗಲಿಲ್ಲ. ಸ್ಟೇಟರಿನ ಕಬ್ಬಿಣದ ಒಳಮೈ ನೀಲಿಗಟ್ಟಿದ್ದನ್ನು ಬೆರಳಿನಿಂದ ಸವರಿ, “ಹಳೇ ವೈಂಡಿಂಗ್ ಕೀಳೋಕೆ ಸೀಮೆಎಣ್ಣೆ ಸುರಿದು ಬೆಂಕಿ ಹಚ್ಚಿದ್ದಾರೆ ಸ್ವಾಮಿ” ಎಂದರು. ಸ್ಟೇಟರ್ ಎಂದರೆ ತೆಳು ತಗಡುಗಳ ಕಟ್ಟು. ತಗಡು ತಗಡಿನ ನಡುವೆ ಅತಿ ತೆಳುವಾದ ಇನ್ಸುಲೇಷನ್ ಲೇಪವಿರುತ್ತದೆ. ಹಳೆಯ ವಾರ್ನಿಷ್ ಮೆದುವಾಗಲು ಓವನ್ನಿನಲ್ಲಿ ಹದವಾಗಿ ಬಿಸಿ ಮಾಡಬೇಕು, ಕಬ್ಬಿಣ ಸುಮಾರು 370 ಡಿಗ್ರಿ ಮೀರಬಾರದು. ಬಯಲು ಬೆಂಕಿಗೆ ಇಂಥ ಹಿಡಿತವಿಲ್ಲ. ಲೇಪ ಸುಟ್ಟರೆ ತಗಡುಗಳ ನಡುವೆ ಕರೆಂಟು ಸುಳಿದು ಕಬ್ಬಿಣವೇ ಬಿಸಿಯಾಗುತ್ತದೆ. ಲ್ಯಾಬಿನ 690 ವ್ಯಾಟಿನಲ್ಲಿ ಸುತ್ತಿನ ತಪ್ಪು ಎಷ್ಟು, ಬೆಂಕಿಯ ತಪ್ಪು ಎಷ್ಟು ಎಂಬುದು ಸರಿಯಾಗಿ ಸುತ್ತಿದ ಮೇಲೆಯೇ ತಿಳಿಯುತ್ತದೆ ಎಂದರು.

ಈ ಸಲ ಎಲ್ಲವನ್ನೂ ಬಿಲ್ಲಿನಲ್ಲಿ ಬರೆಸಿದೆ: ಸುತ್ತು, ಗೇಜು, ಎಳೆಗಳ ಸಂಖ್ಯೆ, ವಾರ್ನಿಷ್ ಎರಡು ಸಲ ಅದ್ದಿ ಓವನ್ನಿನಲ್ಲಿ ಒಣಗಿಸಬೇಕು, ಮೂರು ಫೇಸಿನ ರೋಧ, ಮೆಗ್ಗರ್ ಓದು, ನೋ ಲೋಡ್ ಕರೆಂಟು ಮತ್ತು ವ್ಯಾಟ್, ಜೊತೆಗೆ ಹೈ ವೋಲ್ಟೇಜ್ ಪರೀಕ್ಷೆ. ಕೊನೆಯದರ ಲೆಕ್ಕ ಸರಳ: ಮೋಟಾರಿನ ವೋಲ್ಟೇಜಿನ ಎರಡರಷ್ಟಕ್ಕೆ 1000 ಸೇರಿಸುವುದು. ನಮ್ಮದಕ್ಕೆ 1830 ವೋಲ್ಟ್, ಒಂದು ನಿಮಿಷ. ಹೊಸ ವೈಂಡಿಂಗ್‌ಗೆ ಇದನ್ನು ಒಮ್ಮೆ ಮಾಡಬೇಕು. ಮತ್ತೆ ಮತ್ತೆ ಪೂರ್ತಿ ವೋಲ್ಟೇಜಿನಲ್ಲಿ ಮಾಡಿಸುವುದು ಸಲ್ಲದು. ಮೆಗ್ಗರ್ ಬಗ್ಗೆ ಮೇಸ್ತ್ರಿ ಹೇಳಿದ ಮಾತೊಂದನ್ನು ಇಲ್ಲೇ ಬರೆಯುತ್ತೇನೆ. 415 ವೋಲ್ಟಿನ ಮೋಟಾರಿಗೆ 500 ವೋಲ್ಟಿನ ಮೆಗ್ಗರ್ ಸಾಕು, 5 ಮೆಗಾಓಮಿಗಿಂತ ಕಡಿಮೆ ಬಂದರೆ ಓಡಿಸಬಾರದು. ಆದರೆ ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಂತ ಮೋಟಾರು ಅಷ್ಟು ಕಡಿಮೆ ತೋರಿಸಿದರೆ ಕೂಡಲೇ ವೈಂಡಿಂಗ್‌ಗೆ ಒಯ್ಯದೆ, ಒಳಗೆ ಬಲ್ಬು ಇಳಿಬಿಟ್ಟು ಒಂದೆರಡು ದಿನ ಒಣಗಿಸಿ ಮತ್ತೆ ನೋಡಬೇಕು.

ರಿವೈಂಡಿಂಗ್ 12,400, ಎರಡು ಬೇರಿಂಗ್ 1,150. ಅಕ್ಟೋಬರ್ 29ರಂದು ಅವರ ಅಂಗಡಿಯ ಪ್ಯಾನೆಲ್ಲಿನಲ್ಲೇ 415 ವೋಲ್ಟಿಗೆ ನಿಲ್ಲಿಸಿ ನನ್ನೆದುರು ಅಳೆದರು. ರೋಧ ಮೂರೂ ಫೇಸಿನಲ್ಲಿ 2.10. ನೋ ಲೋಡ್ ಕರೆಂಟು 6.3 ಆಂಪ್. ನಾನು ಕೈಮುಗಿಯಲು ಹೊರಟಿದ್ದೆ. ಅವರು ವ್ಯಾಟ್ ಓದಿನ ಕಡೆ ಬೆರಳು ತೋರಿಸಿದರು. 520. ಸುಡದ ಮೋಟಾರಿನದು 420. “ಕರೆಂಟು ವಾಪಸ್ ಬಂತು. ಈ ನೂರು ವ್ಯಾಟು ಕಬ್ಬಿಣದಲ್ಲಿದೆ, ನಾನು ಎಷ್ಟು ಸಲ ಸುತ್ತಿದರೂ ಹೋಗುವುದಿಲ್ಲ” ಎಂದರು.

ಮೊದಲ ಅಂಗಡಿ ಹಿಂದಿರುಗಿಸಿದ್ದನ್ನು ಕಳೆಯದೆ ಒಟ್ಟು ಖರ್ಚು 30,950 ರೂಪಾಯಿ. ಒಂದೇ ಎಕ್ಸ್‌ಪೆಲ್ಲರಿನಲ್ಲಿ ದುಡಿದ ದಿನಗಳ ನಷ್ಟ ಇದರಲ್ಲಿಲ್ಲ. ಆ ನೂರು ವ್ಯಾಟು ದಿನಕ್ಕೆ ಹತ್ತು ಗಂಟೆಯಂತೆ 25 ದಿನ ಓಡಿದರೆ ತಿಂಗಳಿಗೆ 25 ಯೂನಿಟ್. ಆದ್ದರಿಂದ ಮರುಸುತ್ತಿದ ಮೋಟಾರನ್ನು ಸುಗ್ಗಿಯಲ್ಲಿ ಮಾತ್ರ ಓಡುವ ಎರಡನೆಯ ಎಕ್ಸ್‌ಪೆಲ್ಲರಿಗೆ ಕಟ್ಟಿ, ಸುಡದ್ದನ್ನು ದಿನವಿಡೀ ದುಡಿಯುವ ಜಾಗಕ್ಕೆ ತಂದಿದ್ದೇವೆ. ಎರಡರ ಟರ್ಮಿನಲ್ ಬಾಕ್ಸಿನ ಮುಚ್ಚಳದ ಒಳಮೈಗೆ ರೋಧ, ಉಷ್ಣತೆ, ನೋ ಲೋಡ್ ಆಂಪ್, ವ್ಯಾಟ್ ಮತ್ತು ಅಳೆದ ದಿನಾಂಕ ಬರೆದ ಚೀಟಿಯನ್ನು ಅಂಟಿಸಿದ್ದೇನೆ. ಎರಡೂ ಸ್ಟಾರ್ಟರುಗಳಲ್ಲಿ ಫೇಸ್ ಹೋದರೆ ನಿಲ್ಲಿಸುವ ಪ್ರಿವೆಂಟರ್ ಬಂದಿದೆ, ರಿಲೇಯ ತಿರುಪು 14.2ರಲ್ಲಿದೆ, ಅದರ ಮೇಲೆ ಯಾರೂ ಮುಟ್ಟದಂತೆ ಅರಗಿನ ಮುದ್ರೆಯಿದೆ.